ಡೈನಮೊ ಬದಲಿಸಿದರಷ್ಟೇ ಸಾಲದು: ಕಬ್ಬಿನ ಟ್ರ್ಯಾಕ್ಟರ್‌ಗಳ ವಿದ್ಯುತ್ ಲೆಕ್ಕ

ಕಬ್ಬು ನುರಿಸುವ ಹಂಗಾಮು ಆರಂಭವಾಯಿತೆಂದರೆ ಬೈಲಹೊಂಗಲ, ಕಿತ್ತೂರು, ಸವದತ್ತಿ ಹಾಗೂ ರಾಮದುರ್ಗ ತಾಲ್ಲೂಕುಗಳ ರಸ್ತೆಗಳಿಗೆ ರಾತ್ರಿಯಲ್ಲಿಯೂ ಬಿಡುವಿರುವುದಿಲ್ಲ. ಎರಡೆರಡು ಟ್ರೇಲರ್‌ಗಳನ್ನು ಎಳೆದುಕೊಂಡು ಸಾಗುವ ಟ್ರ್ಯಾಕ್ಟರ್‌ಗಳ ಮುಂಭಾಗದಲ್ಲಿ ಸಾಲು ಎಲ್‌ಇಡಿ ದೀಪಗಳು, ಚಾಲಕನ ತಲೆಯ ಮೇಲೆ ಬಣ್ಣದ ಬೆಳಕು, ಅರ್ಧ ಕಿಲೋಮೀಟರ್ ದೂರಕ್ಕೆ ಕೇಳಿಸುವ ಹಾಡು. ಆದರೆ ಹಿಂದಿನ ಟ್ರೇಲರ್‌ನ ಕೆಂಪು ದೀಪ ಮಾತ್ರ ಎಷ್ಟೋ ವೇಳೆ ಉರಿಯುತ್ತಿರುವುದಿಲ್ಲ. ಪುಣೆ-ಬೆಂಗಳೂರು ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಕಿತ್ತೂರಿನ ಬಳಿ ವೇಗವಾಗಿ ಬರುವ ಕಾರಿನ ಚಾಲಕನಿಗೆ ಮುಂದೆ ಕಬ್ಬಿನ ರಾಶಿಯೊಂದು ಚಲಿಸುತ್ತಿದೆ ಎಂಬುದು ಗೊತ್ತಾಗುವುದು ಅದರ ತೀರಾ ಸಮೀಪಕ್ಕೆ ಬಂದ ಮೇಲೆಯೇ.

ಇದೇ ಟ್ರ್ಯಾಕ್ಟರ್ ಮಾಲೀಕರ ಸಾಮಾನ್ಯ ದೂರು ಒಂದಿದೆ. ಬ್ಯಾಟರಿ ನಿಲ್ಲುವುದಿಲ್ಲ, ಬೆಳಿಗ್ಗೆ ಸೆಲ್ಫ್ ತಿರುಗುವುದಿಲ್ಲ, ಇಳಿಜಾರು ನೋಡಿಯೇ ಗಾಡಿ ನಿಲ್ಲಿಸಬೇಕು. ‘ದೊಡ್ಡ ಡೈನಮೊ ಹಾಕಿಸಿದರೆ ಸರಿಹೋಗುತ್ತದೆ’ ಎಂಬುದು ಇದಕ್ಕೆ ಸಾಮಾನ್ಯವಾಗಿ ಸಿಗುವ ಸಲಹೆ. ಈ ಸಲಹೆ ಅರ್ಧ ಮಾತ್ರ ಸರಿ. ಉಳಿದರ್ಧವನ್ನು ತಿಳಿಯದೆ ಹಣ ಸುರಿದರೆ ಬ್ಯಾಟರಿ ಉಳಿಯುವುದಿಲ್ಲ, ಹಿಂದಿನ ದೀಪವೂ ಉರಿಯುವುದಿಲ್ಲ.

ಹೆಸರು ಡೈನಮೊ, ಯಂತ್ರ ಆಲ್ಟರ್ನೇಟರ್

ಹಿಂದಿನ ತಲೆಮಾರಿನ ಟ್ರ್ಯಾಕ್ಟರ್‌ಗಳಲ್ಲಿದ್ದುದು ನಿಜವಾಗಿಯೂ ಡೈನಮೊ. ಇಂದಿನವುಗಳಲ್ಲಿ ಇರುವುದು ಆಲ್ಟರ್ನೇಟರ್. ಹಳೆಯ ಹೆಸರು ಮಾತ್ರ ಜನರ ಬಾಯಲ್ಲಿ ಉಳಿದಿದೆ. ಎಂಜಿನ್ನಿನ ಬೆಲ್ಟ್ ಇದರೊಳಗಿನ ವಿದ್ಯುತ್ಕಾಂತವನ್ನು ತಿರುಗಿಸುತ್ತದೆ. ಅದರ ಸುತ್ತಲಿನ ತಾಮ್ರದ ಸುರುಳಿಗಳಲ್ಲಿ ಪರ್ಯಾಯ ವಿದ್ಯುತ್ ಹುಟ್ಟುತ್ತದೆ. ಡಯೋಡ್‌ಗಳು ಅದನ್ನು ಏಕಮುಖ ವಿದ್ಯುತ್ತನ್ನಾಗಿ ಪರಿವರ್ತಿಸುತ್ತವೆ. ರೆಗ್ಯುಲೇಟರ್ ಎಂಬ ಪುಟ್ಟ ಭಾಗವು ವೋಲ್ಟೇಜನ್ನು ಸುಮಾರು 13.8ರಿಂದ 14.4ರ ನಡುವೆ ಹಿಡಿದಿಡುತ್ತದೆ. ಅದಕ್ಕಿಂತ ಕಡಿಮೆಯಾದರೆ ಬ್ಯಾಟರಿ ತುಂಬುವುದಿಲ್ಲ. ಹೆಚ್ಚಾದರೆ ಬ್ಯಾಟರಿಯೊಳಗಿನ ನೀರು ಅನಿಲವಾಗಿ ಹೋಗಿ ಫಲಕಗಳು ಒಣಗುತ್ತವೆ.

ಹಲವು ಮಾದರಿಯ ಟ್ರ್ಯಾಕ್ಟರ್‌ಗಳಿಗೆ ಕಂಪನಿಯಿಂದಲೇ ಬರುವುದು 36 ಆಂಪಿಯರ್‌ನ ಆಲ್ಟರ್ನೇಟರ್ ಮತ್ತು 75 ಅಥವಾ 88 ಎಎಚ್ ಸಾಮರ್ಥ್ಯದ ಬ್ಯಾಟರಿ. ಉಳುಮೆಗೆ, ಎರಡು ಹೆಡ್‌ಲೈಟ್‌ಗಳಿಗೆ ಮತ್ತು ಒಂದು ಹಾರ್ನ್‌ಗೆ ಇಷ್ಟು ಧಾರಾಳವಾಗಿ ಸಾಕು. ಆದರೆ 36 ಆಂಪಿಯರ್ ಎಂಬುದು ಆಲ್ಟರ್ನೇಟರ್ ಸಾಕಷ್ಟು ವೇಗವಾಗಿ ತಿರುಗುವಾಗಿನ ಅಂಕಿ. ಎಂಜಿನ್ ನಿಧಾನವಾಗಿ ಓಡುತ್ತಿರುವಾಗ ಇದರ ಒಂದು ಭಾಗವಷ್ಟೇ ದೊರೆಯುತ್ತದೆ. ಯಂತ್ರ ಕಾದಷ್ಟೂ ಉತ್ಪಾದನೆ ಇನ್ನಷ್ಟು ಇಳಿಯುತ್ತದೆ.

ಜಮಾ ಎಷ್ಟು, ಖರ್ಚು ಎಷ್ಟು?

ರಾತ್ರಿ ಕಬ್ಬು ಸಾಗಿಸುವ ಟ್ರ್ಯಾಕ್ಟರ್‌ನ ಲೆಕ್ಕವನ್ನು ಗಮನಿಸಬಹುದು. 55 ವ್ಯಾಟ್‌ನ ಎರಡು ಹೆಡ್‌ಲೈಟ್‌ಗಳಿಗೆ ಸುಮಾರು 9 ಆಂಪಿಯರ್ ಬೇಕು. ಟ್ರ್ಯಾಕ್ಟರ್ ಮತ್ತು ಎರಡು ಟ್ರೇಲರ್‌ಗಳ ಹಿಂದಿನ ದೀಪ, ಇಂಡಿಕೇಟರ್‌ಗಳಿಗೆ 5 ಆಂಪಿಯರ್ ಎಂದಿಟ್ಟುಕೊಳ್ಳೋಣ. ತಲಾ 72 ವ್ಯಾಟ್‌ನ ಎರಡು ಎಲ್‌ಇಡಿ ಪಟ್ಟಿಗಳನ್ನು ಜೋಡಿಸಿದರೆ ಮತ್ತೆ 11 ಆಂಪಿಯರ್. ಮಧ್ಯಮ ಧ್ವನಿಯಲ್ಲಿ ಹಾಡುವ ಆಂಪ್ಲಿಫೈಯರ್‌ಗೆ 15 ಆಂಪಿಯರ್. ಒಟ್ಟು 40 ಆಂಪಿಯರ್. ಆದಾಯ ಗರಿಷ್ಠ 36. ಅಂದರೆ ಗಾಡಿ ಓಡುತ್ತಿರುವಾಗಲೂ ಬ್ಯಾಟರಿ ಬರಿದಾಗುತ್ತಿರುತ್ತದೆಯೇ ಹೊರತು ತುಂಬುತ್ತಿರುವುದಿಲ್ಲ. 500 ವ್ಯಾಟ್‌ನ ಆಂಪ್ಲಿಫೈಯರನ್ನು ಪೂರ್ಣ ಬಲದಲ್ಲಿ ಬಾರಿಸಿದರೆ ಅದೊಂದೇ 40 ಆಂಪಿಯರ್‌ಗೂ ಹೆಚ್ಚು ಎಳೆಯುತ್ತದೆ.

ಇಷ್ಟನ್ನು ನೋಡಿದರೆ ದೊಡ್ಡ ಆಲ್ಟರ್ನೇಟರೇ ಪರಿಹಾರ ಎನಿಸುವುದು ಸಹಜ. ನಿಜವಾದ ನಷ್ಟ ಆಗುವುದು ಬೇರೆಡೆ, ಕಾರ್ಖಾನೆಯ ಅಂಗಳದ ಸರದಿಯಲ್ಲಿ. ಅಲ್ಲಿ ಗಂಟೆಗಟ್ಟಲೆ ಕಾಯುವಾಗ ಎಂಜಿನ್ ಬಂದ್ ಆಗಿರುತ್ತದೆ, ಹಾಡು ನಡೆದೇ ಇರುತ್ತದೆ. 15 ಆಂಪಿಯರ್‌ನಂತೆ ಮೂರು ಗಂಟೆ ಎಂದರೆ 45 ಎಎಚ್. 88 ಎಎಚ್ ಬ್ಯಾಟರಿಯ ಅರ್ಧ ಅಲ್ಲಿಯೇ ಮುಗಿಯಿತು. ನಿಂತ ಎಂಜಿನ್ನಿಗೆ ಎಷ್ಟು ದೊಡ್ಡ ಆಲ್ಟರ್ನೇಟರ್ ಜೋಡಿಸಿದ್ದರೂ ಅದರ ಉತ್ಪಾದನೆ ಸೊನ್ನೆ.

ಸೆಲ್ಫ್ ಸ್ಟಾರ್ಟರ್ ಕೆಲವು ಕ್ಷಣ 200 ಆಂಪಿಯರ್‌ಗೂ ಹೆಚ್ಚು ಎಳೆಯುವುದುಂಟು. ಆದರೆ ಐದು ಸೆಕೆಂಡಿನ ಆ ಕೆಲಸಕ್ಕೆ ಒಟ್ಟಾರೆ ಅರ್ಧ ಎಎಚ್ ಕೂಡ ಖರ್ಚಾಗುವುದಿಲ್ಲ. ಬ್ಯಾಟರಿಯನ್ನು ಕೊಲ್ಲುವುದು ಸ್ಟಾರ್ಟರ್ ಅಲ್ಲ, ಸದ್ದಿಲ್ಲದೆ ಸೋರುವ ಸಣ್ಣ ಖರ್ಚು.

ತುಂಬುವ ವೇಗಕ್ಕೂ ಮಿತಿಯಿದೆ

ಸೀಸ-ಆಮ್ಲದ ಬ್ಯಾಟರಿಯನ್ನು ಕೊಡದಂತೆ ಒಮ್ಮೆಲೇ ತುಂಬಲಾಗದು. ತನ್ನ ಸಾಮರ್ಥ್ಯದ ಸುಮಾರು ಐದನೇ ಒಂದು ಭಾಗದಿಂದ ಕಾಲು ಭಾಗದವರೆಗಿನ ಪ್ರವಾಹವನ್ನು ಅದು ಸುಲಭವಾಗಿ ಸ್ವೀಕರಿಸುತ್ತದೆ. 88 ಎಎಚ್ ಬ್ಯಾಟರಿಗೆ ಇದು ಹೆಚ್ಚೆಂದರೆ 22 ಆಂಪಿಯರ್. ಮುಕ್ಕಾಲು ಭಾಗ ತುಂಬಿದ ಮೇಲೆ ಆ ಸ್ವೀಕಾರವೂ ಕುಗ್ಗುತ್ತಾ ಹೋಗುತ್ತದೆ. ಕೊನೆಯ ಭಾಗ ತುಂಬಲು ಹಲವು ಗಂಟೆಗಳೇ ಬೇಕು. ಕಾರ್ಖಾನೆಯಿಂದ ಹೊಲಕ್ಕೆ ಮರಳುವ ಒಂದು ಗಂಟೆಯಲ್ಲಿ 80 ಆಂಪಿಯರ್‌ನ ಆಲ್ಟರ್ನೇಟರ್ ಇದ್ದರೂ ಬ್ಯಾಟರಿ ಪೂರ್ತಿ ತುಂಬುವುದಿಲ್ಲ. ಹೀಗೆ ದಿನಗಟ್ಟಲೆ ಅರೆತುಂಬಿದ ಸ್ಥಿತಿಯಲ್ಲೇ ಉಳಿದರೆ ಫಲಕಗಳ ಮೇಲೆ ಸಲ್ಫೇಟ್ ಹರಳುಗಟ್ಟುತ್ತದೆ. ಹಂಗಾಮು ಮುಗಿಯುವ ಮೊದಲೇ ಹೊಸ ಬ್ಯಾಟರಿ ಹಳೆಯದಾಗುತ್ತದೆ.

ಸಾಗರದಲ್ಲಿಯೂ ಇದೇ ಲೆಕ್ಕ

ಈ ಸಮಸ್ಯೆಯನ್ನು ಬಹುಕಾಲದಿಂದ ಎದುರಿಸುತ್ತ ಬಂದವರು ದೂರದ ಸಮುದ್ರಯಾನ ಮಾಡುವ ಹಾಯಿದೋಣಿಯವರು. ಗೋವಾದಲ್ಲಿ ನಿರ್ಮಾಣಗೊಂಡು 2009ರಲ್ಲಿ ನೌಕಾಪಡೆಗೆ ಸೇರಿದ ‘ಮಹದಾಯಿ’ ಅಂಥದೊಂದು ದೋಣಿ. ಅದಕ್ಕೆ ಹೆಸರು ಕೊಟ್ಟ ನದಿ ಹುಟ್ಟುವುದು ಇದೇ ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನಲ್ಲಿ. ಕಳಸಾ-ಬಂಡೂರಿ ಯೋಜನೆಗಾಗಿ ಹೋರಾಡಿದ ಮಲಪ್ರಭೆಯ ಮಡಿಲಿನ ಜನರಿಗೆ ಆ ಹೆಸರು ಹೊಸದಲ್ಲ. 2009-10ರಲ್ಲಿ ದಿಲೀಪ್ ದೊಂದೆ ಹಾಗೂ 2012-13ರಲ್ಲಿ ಎಲ್ಲಿಯೂ ನಿಲ್ಲದೆ ಅಭಿಲಾಷ್ ಟೋಮಿ ಅದೇ ದೋಣಿಯಲ್ಲಿ ಒಬ್ಬಂಟಿಯಾಗಿ ಭೂಮಿಯನ್ನು ಸುತ್ತಿ ಬಂದರು.

ಹಾಯಿದೋಣಿ ಗಾಳಿಯಲ್ಲಿ ಸಾಗುವಾಗ ಎಂಜಿನ್ ನಿಂತಿರುತ್ತದೆ. ಆದರೆ ದಿಕ್ಕು ಕಾಯುವ ಸ್ವಯಂಚಾಲಕ ಯಂತ್ರ, ರೇಡಿಯೊ, ರಾತ್ರಿಯ ಸಂಚಾರ ದೀಪಗಳಿಗೆ ವಿದ್ಯುತ್ ಬೇಕೇ ಬೇಕು. ಸರದಿಯಲ್ಲಿ ನಿಂತ ಟ್ರ್ಯಾಕ್ಟರ್‌ನ ಸ್ಥಿತಿಯೂ ಇದೇ. ದೂರಯಾನದ ದೋಣಿಯವರು ಇದಕ್ಕೆ ಕಂಡುಕೊಂಡ ಕ್ರಮ ಸರಳವಾದುದು. ಮೊದಲು ದಿನದ ಖರ್ಚನ್ನು ಕಾಗದದ ಮೇಲೆ ಬರೆಯುತ್ತಾರೆ. ಎಂಜಿನ್ ಚಾಲೂ ಮಾಡುವ ಬ್ಯಾಟರಿಯನ್ನು ಇತರ ಬಳಕೆಯ ಬ್ಯಾಟರಿಯಿಂದ ಬೇರ್ಪಡಿಸುತ್ತಾರೆ. ಎಂಜಿನ್ ನಿಂತಾಗಲೂ ಆದಾಯ ಬರುವಂತೆ ಸೌರಫಲಕ ಅಳವಡಿಸುತ್ತಾರೆ. ದೊಡ್ಡ ಆಲ್ಟರ್ನೇಟರ್‌ನ ಪ್ರಶ್ನೆ ಬರುವುದು ಇಷ್ಟೆಲ್ಲ ಆದ ಮೇಲೆ.

ಬದಲಾವಣೆಯ ಸರಿಯಾದ ಕ್ರಮ

ಟ್ರ್ಯಾಕ್ಟರ್‌ಗೂ ಇದೇ ಕ್ರಮ ಅನ್ವಯಿಸುತ್ತದೆ. ಮೊದಲನೆಯದು ಅಳತೆ. ಕೆಲವು ಗಂಟೆ ನಿಂತ ಬ್ಯಾಟರಿಯ ತುದಿಗಳಲ್ಲಿ ಮಲ್ಟಿಮೀಟರ್ 12.6 ವೋಲ್ಟ್ ತೋರಿಸಿದರೆ ಬ್ಯಾಟರಿ ತುಂಬಿದೆ, 12.2 ಎಂದರೆ ಸುಮಾರು ಅರ್ಧ. ಎಂಜಿನ್ ವೇಗವಾಗಿ ಓಡುವಾಗ 13.8ಕ್ಕಿಂತ ಕಡಿಮೆ ತೋರಿಸಿದರೆ ಮೊದಲು ಬೆಲ್ಟ್‌ನ ಬಿಗಿ, ತುಕ್ಕು ಹಿಡಿದ ಟರ್ಮಿನಲ್, ಸಡಿಲ ಅರ್ತ್ ತಂತಿ ಇವುಗಳನ್ನು ನೋಡಬೇಕು. ಬೆಲ್ಟ್ ಜಾರುತ್ತಿದ್ದರೆ ಯಾವ ಆಲ್ಟರ್ನೇಟರ್ ಆದರೂ ಅಷ್ಟೇ.

ಎರಡನೆಯದು ತಂತಿ. 4 ಚದರ ಮಿಲಿಮೀಟರ್ ದಪ್ಪದ, ಹೋಗಿಬರುವ ದಾರಿ ಸೇರಿ 4 ಮೀಟರ್ ಉದ್ದದ ತಾಮ್ರದ ತಂತಿಯಲ್ಲಿ 40 ಆಂಪಿಯರ್ ಹರಿದರೆ ಸುಮಾರು 0.7 ವೋಲ್ಟ್ ದಾರಿಯಲ್ಲಿಯೇ ನಷ್ಟವಾಗುತ್ತದೆ. ಆಲ್ಟರ್ನೇಟರ್ 14.2 ಕೊಟ್ಟರೂ ಬ್ಯಾಟರಿಗೆ ತಲುಪುವುದು 13.5. ಅದೇ ತಂತಿ 16 ಚದರ ಮಿಲಿಮೀಟರ್ ಇದ್ದರೆ ನಷ್ಟ 0.2 ವೋಲ್ಟಿಗೂ ಕಡಿಮೆ. 36 ಆಂಪಿಯರ್‌ಗೆಂದು ಎಳೆದ ಹಳೆಯ ತಂತಿಯನ್ನೇ ಉಳಿಸಿಕೊಂಡು 80 ಆಂಪಿಯರ್‌ನ ಆಲ್ಟರ್ನೇಟರ್ ಕೂಡಿಸುವುದು ಅಪಾಯಕಾರಿ. ತಂತಿ ಕಾದು ಹೊದಿಕೆ ಕರಗಬಹುದು. ಒಣ ರವದಿ ಹರಡಿರುವ ಹೊಲದಲ್ಲಿ ಒಂದು ಕಿಡಿ ಸಾಕು. ಆದ್ದರಿಂದ ಬ್ಯಾಟರಿಯಿಂದ ಹೊರಡುವ ಪ್ರತಿ ಹೆಚ್ಚುವರಿ ತಂತಿಗೂ ಬ್ಯಾಟರಿಯ ಹತ್ತಿರದಲ್ಲಿಯೇ ಫ್ಯೂಸ್ ಇರಬೇಕು.

ಮೂರನೆಯದು ಬ್ಯಾಟರಿಗಳ ವಿಭಜನೆ. ಹಾಡು, ಅಲಂಕಾರದ ದೀಪಗಳಿಗೆ ಬೇರೆ ಬ್ಯಾಟರಿ ಇಟ್ಟು, ಎಂಜಿನ್ ಓಡುವಾಗ ಮಾತ್ರ ಎರಡನ್ನೂ ಕೂಡಿಸುವ ರಿಲೇ ಹಾಕಿದರೆ ಹಾಡು ನಿಂತರೂ ಸೆಲ್ಫ್ ತಿರುಗುತ್ತದೆ. ಛಾವಣಿಯ ಮೇಲೆ 100 ವ್ಯಾಟ್‌ನ ಸೌರಫಲಕ ಇದ್ದರೆ ಒಳ್ಳೆಯ ಬಿಸಿಲಿನ ದಿನ ಸುಮಾರು 25ರಿಂದ 30 ಎಎಚ್ ಮರಳಿ ದೊರೆಯುತ್ತದೆ. ಧೂಳು ಒರೆಸುವ ತಾಳ್ಮೆ ಮಾತ್ರ ಬೇಕು.

ಇಷ್ಟಾದ ಮೇಲೂ ಕೊರತೆ ಉಳಿದರೆ ದೊಡ್ಡ ಆಲ್ಟರ್ನೇಟರ್. ಅದು ಪುಕ್ಕಟೆಯಲ್ಲ. 80 ಆಂಪಿಯರ್ ಉತ್ಪಾದನೆಗೆ ಎಂಜಿನ್ನಿನಿಂದ ಸುಮಾರು ಎರಡೂವರೆ ಅಶ್ವಶಕ್ತಿ ಹೋಗುತ್ತದೆ. ಅದರ ಬೆಲೆಯನ್ನು ಡೀಸೆಲ್‌ನಲ್ಲಿ ತೆರಬೇಕು. ಬೆಲ್ಟ್ ಹಾಗೂ ಅದನ್ನು ಹಿಡಿದಿಡುವ ಬ್ರಾಕೆಟ್ ಸಹ ಆ ಹೊರೆಗೆ ತಕ್ಕಂತಿರಬೇಕು. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ತಂತಿ ಕಳಚಿ ‘ಚಾರ್ಜ್ ಆಗುತ್ತಿದೆಯೇ’ ಎಂದು ಪರೀಕ್ಷಿಸುವ ಹಳೆಯ ರೂಢಿಯನ್ನಂತೂ ಕೈಬಿಡಲೇಬೇಕು. ಆ ಕ್ಷಣ ಏಳುವ ವೋಲ್ಟೇಜಿಗೆ ಡಯೋಡ್‌ಗಳು ಸುಟ್ಟುಹೋಗಬಹುದು.

ಹಿಂದಿನ ದೀಪ ಆರಿರುವುದೇಕೆ?

ಇಷ್ಟೆಲ್ಲ ಲೆಕ್ಕದಲ್ಲಿ ಅತ್ಯಂತ ಕಡಿಮೆ ವಿದ್ಯುತ್ ಕೇಳುವುದು ಟ್ರೇಲರ್‌ನ ಕೆಂಪು ದೀಪ. 5 ವ್ಯಾಟ್‌ನ ಬಲ್ಬಿಗೆ ಅರ್ಧ ಆಂಪಿಯರ್ ಕೂಡ ಬೇಡ. ಅದು ಆರಿರುವುದು ವಿದ್ಯುತ್ತಿನ ಕೊರತೆಯಿಂದಲ್ಲ. ಟ್ರೇಲರ್‌ಗೆ ಪ್ರತ್ಯೇಕ ಅರ್ತ್ ತಂತಿ ಎಳೆಯದೆ, ಕೊಂಡಿಯ ಕಬ್ಬಿಣವನ್ನೇ ನೆಚ್ಚಿಕೊಂಡಿರುವುದು ಒಂದು ಕಾರಣ. ತುಕ್ಕು, ಮಣ್ಣು ಸೇರಿದಂತೆ ಆ ಸಂಪರ್ಕ ಕಡಿದುಹೋಗುತ್ತದೆ. ಟ್ರೇಲರ್ ಬಿಚ್ಚಿ ಜೋಡಿಸುವಾಗ ತಂತಿ ಹರಿಯುವುದು, ಹೊರಚಾಚಿದ ಕಬ್ಬು ದೀಪವನ್ನೇ ಮುಚ್ಚುವುದು ಉಳಿದ ಕಾರಣಗಳು. ಇವು ಯಾವುವೂ ದೊಡ್ಡ ಆಲ್ಟರ್ನೇಟರ್‌ನಿಂದ ಸರಿಹೋಗುವ ದೋಷಗಳಲ್ಲ.

ಕಾನೂನಿನ ಮಾತೂ ಇದೆ. ತಯಾರಕರು ನಿಗದಿಪಡಿಸಿದ ಸ್ವರೂಪಕ್ಕೆ ವಿರುದ್ಧವಾದ ಮಾರ್ಪಾಡುಗಳನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ನಿರ್ಬಂಧಿಸುತ್ತದೆ. ಸಾರ್ವಜನಿಕ ಸ್ಥಳದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಬಳಸುವುದನ್ನು 2000ದ ಶಬ್ದಮಾಲಿನ್ಯ ನಿಯಮಗಳು ತಡೆಯುತ್ತವೆ. ಎದುರಿನ ಚಾಲಕನ ಕಣ್ಣು ಕುಕ್ಕುವ ಎಲ್‌ಇಡಿ ಪಟ್ಟಿಯಂತೂ ಯಾರ ಜೀವಕ್ಕೂ ಒಳ್ಳೆಯದಲ್ಲ.

ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಹುಣ್ಣಿಮೆಯ ಜಾತ್ರೆಗೆ ಹೊರಡುವ ಟ್ರ್ಯಾಕ್ಟರ್‌ಗೂ, ಕಾರ್ಖಾನೆಗೆ ಹೊರಟ ಟ್ರ್ಯಾಕ್ಟರ್‌ಗೂ ವಿದ್ಯುತ್ತಿನ ಮೊದಲ ಹಕ್ಕುದಾರ ಹಿಂದಿನ ದೀಪವೇ ಆಗಬೇಕು. ಎರಡನೆಯದು ಸೆಲ್ಫ್, ಹಾಡಿನ ಸರದಿ ಆಮೇಲೆ. ಇನ್ನು ಟ್ರೇಲರ್‌ನ ಹಿಂಬದಿಗೆ ಅಂಟಿಸುವ ಕೆಂಪು ಪ್ರತಿಫಲಕ ಪಟ್ಟಿಗೆ ಬ್ಯಾಟರಿಯೂ ಬೇಡ, ಡೈನಮೊವೂ ಬೇಡ. ಹಿಂದೆ ಬರುವವನ ದೀಪದ ಬೆಳಕಿನಲ್ಲಿಯೇ ಅದು ಅವನನ್ನು ಎಚ್ಚರಿಸುತ್ತದೆ.