ಬಸ್ಸಿಗೆ ಬಣ್ಣ, ತುಕ್ಕಿಗೆ ಮುಸುಕು

ಚಿಂತಾಮಣಿ ಬಸ್ ಸ್ಟಾಂಡಿನಲ್ಲಿ ನಿನ್ನೆಯವರೆಗೆ ಮೈಯೆಲ್ಲಾ ಗೀರು, ತುಕ್ಕು ಹೊತ್ತು ನಿಲ್ಲುತ್ತಿದ್ದ ಹಳೇ ಖಾಸಗಿ ಬಸ್ಸು ಇವತ್ತು ಮದುವಣಗಿತ್ತಿಯಂತೆ ಥಳಥಳ ಹೊಳೆಯುತ್ತಿದ್ದರೆ, ದಿನಾ ಓಡಾಡುವವರಿಗೆ ಯಾರೂ ಹೇಳಬೇಕಾಗಿಲ್ಲ. ಎಫ್.ಸಿ. ಬಂತು!

ಚಿಕ್ಕಬಳ್ಳಾಪುರದ ಕೆ.ಎ. 40 ಇರಲಿ, ಚಿಂತಾಮಣಿಯ ಕೆ.ಎ. 67 ಇರಲಿ, ಬಸ್ಸು, ಲಾರಿ, ಟೆಂಪೋಗಳಿಗೆ 8 ವರ್ಷ ತುಂಬುವವರೆಗೆ 2 ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಎಫ್.ಸಿ. ಮಾಡಿಸಬೇಕು. ಬ್ರೇಕು, ಲೈಟಿನ ಜತೆಗೆ ಗಾಡಿಯ ಮೈಯನ್ನೂ ನೋಡುತ್ತಾರೆ. ಆದ್ದರಿಂದ ಪರೀಕ್ಷೆಗೆ ಹೊರಟ ಹುಡುಗ ತಲೆ ಬಾಚಿಕೊಂಡಂತೆ ಬಸ್ಸಿಗೂ ಬಣ್ಣ. ಬಣ್ಣ ಹೊಡೆಸುವುದು ತಪ್ಪಲ್ಲ ಸ್ವಾಮಿ, ಯಾವುದರ ಮೇಲೆ ಹೊಡೆಸುತ್ತಾರೆ ಅನ್ನೋದೇ ಪ್ರಶ್ನೆ.

ಬಸ್ಸಿನ ತುಕ್ಕು ಹೊರಗಿನಿಂದ ಶುರುವಾಗುವುದು ಕಡಿಮೆ. ಫುಟ್‌ಬೋರ್ಡಿನ ಕೆಳಗೆ, ಚಕ್ರದ ಮೇಲಿನ ತಗಡಿನ ಅಂಚಿಗೆ, ಕಿಟಕಿಯ ರಬ್ಬರಿನ ಅಡಿಗೆ ನೀರು ಇಳಿದು ನಿಲ್ಲುತ್ತದೆ. ತುಕ್ಕಿಗೆ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಕು. ಹಾಗಾಗಿ ಅದು ಒಳಗೇ ಉಬ್ಬಿ ಮೇಲಿನ ಬಣ್ಣವನ್ನು ಎಬ್ಬಿಸುತ್ತದೆ. ಬಣ್ಣದ ಮೇಲೆ ಗುಳ್ಳೆ ಕಾಣುವ ಹೊತ್ತಿಗೆ ಒಳಗೆ ಅರ್ಧ ತಗಡು ಹೋಗಿರುತ್ತದೆ.

ಸರಿಯಾದ ಕೆಲಸ ಹೀಗೆ: ಮೊದಲು ಟಿಂಕರಿಂಗ್‌ನವರು ಸತ್ತ ತಗಡನ್ನು ಕತ್ತರಿಸಿ ಹೊಸದನ್ನು ಬೆಸೆಯಬೇಕು. ಹಳೇ ಬಣ್ಣವನ್ನು ಕೆರೆದು ಕಬ್ಬಿಣ ಕಾಣಿಸಬೇಕು. ಅದೇ ದಿನ ರೆಡ್ ಆಕ್ಸೈಡ್ ಹಚ್ಚಬೇಕು, ಬಿಟ್ಟರೆ ರಾತ್ರಿಯ ತೇವಕ್ಕೆ ಮತ್ತೆ ತುಕ್ಕು. ಆಮೇಲೆ ತಗ್ಗು ತುಂಬಲು ತೆಳುವಾಗಿ ಲಪ್ಪ, ಅದು ಒಣಗಿದ ಮೇಲೆ ನೀರು ಹಾಕಿ ವಾಟರ್ ಪೇಪರಿನ ಉಜ್ಜು, ಮತ್ತೆ ಪ್ರೈಮರ್. ಇಷ್ಟಾದ ಮೇಲೆ ಕಿಟಕಿಗಳಿಗೆಲ್ಲ ಹಳೇ ಪೇಪರ್ ಅಂಟಿಸಿ (ನಮ್ಮ ಪತ್ರಿಕೆಗೂ ಅಲ್ಲಿ ಒಳ್ಳೆ ಗಿರಾಕಿ!) ಗನ್ನಿನಿಂದ ಬಣ್ಣ ಹೊಡೆಯುವುದು. ದಿನಗಳೆಲ್ಲ ಹೋಗುವುದು ಕೆಳಗಿನ ಕೆಲಸಕ್ಕೆ. ಮೇಲಿನ ಬಣ್ಣ ಹೆಚ್ಚೆಂದರೆ ಒಂದೆರಡು ದಿನದ್ದು.

ಆದರೆ ಓನರ್ ಕೇಳುವುದು ಒಂದೇ ಮಾತು: “ಮೇಸ್ತ್ರಿ, ಯಾವತ್ತು ಕೊಡ್ತೀಯಾ?” ಶೆಡ್ಡಿನಲ್ಲಿ ನಿಂತ ಬಸ್ಸಿಗೆ ಕಲೆಕ್ಷನ್ ಇಲ್ಲ, ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ. 2023ರ ಜೂನ್ 11ರಿಂದ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತವಾದ ಮೇಲಂತೂ ಖಾಸಗಿಯವರ ಗೋಳು ಎಲ್ಲರಿಗೂ ಗೊತ್ತಿದ್ದದ್ದೇ. ಹೀಗಾಗಿ ಕತ್ತರಿ ಬೀಳುವುದು ಕಣ್ಣಿಗೆ ಕಾಣದ ಕಡೆ. ತುಕ್ಕಿನ ಮೇಲೇ ದಪ್ಪಗೆ ಲಪ್ಪ ಮೆತ್ತಿ, ಮೇಲೆ ಹೊಳಪು. ಊರಿನ ಹಂಪುಗಳಲ್ಲಿ ನಾಲ್ಕು ತಿಂಗಳು ಕುಲುಕಿದರೆ ಸಾಕು, ಲಪ್ಪ ಬಿರುಕು ಬಿಟ್ಟು ಹೆಕ್ಕಳೆಯಾಗಿ ಉದುರುತ್ತದೆ. ಮುಂದಿನ ಎಫ್.ಸಿ.ಗೆ ಮತ್ತದೇ ಖರ್ಚು. ಗೋಡೆಗೆ ಸುಣ್ಣ ಬಳಿದಂತಲ್ಲ ಇದು. ಫುಟ್‌ಬೋರ್ಡಿನ ಮೇಲೆ ಕಾಲೇಜು ಹುಡುಗರು ನೇತಾಡಿಕೊಂಡು ಹೋಗುತ್ತಾರೆ, ಅದರ ಅಡಿಯ ಕಬ್ಬಿಣ ಇದೆಯೋ ಇಲ್ಲವೋ ಯಾರು ನೋಡಿದರು?

ಮಳೆಗಾಲದ ಅವಸರವೂ ಬೇಡ. ನಮ್ಮ ಕಡೆ ಮಳೆ ಜೋರು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಥಿನ್ನರ್ ಬೇಗ ಆರುವಾಗ ತಗಡು ತಣ್ಣಗಾಗಿ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ, ಬಣ್ಣ ಬೂದಿ ಬಳಿದಂತೆ ಬೆಳ್ಳಗಾಗುತ್ತದೆ. ಬಿಸಿಲಿನಲ್ಲಿ ಗೌರಿಬಿದನೂರಿಗೂ ಚಿಕ್ಕಬಳ್ಳಾಪುರಕ್ಕೂ ಓಡುವ ಗಾಡಿಗೆ ಬೇರೆ ತಾಪತ್ರಯ: ಕೆಂಪು ಬಣ್ಣ ಬಹಳ ಬೇಗ ಮಂಕಾಗುತ್ತದೆ.

ಅಂಗಡಿಯವರಿಗೂ ಒಂದು ಮಾತು. ಚಿಂತಾಮಣಿ ಮಾರುಕಟ್ಟೆಗೆ ಟೊಮೇಟೊ ಸಾಗಿಸುವ ಗಾಡಿಯಲ್ಲಿ ಕ್ರೇಟಿನಿಂದ ಸೋರುವ ಹುಳಿ ರಸ ತಳದ ತಗಡನ್ನು ತಿನ್ನುತ್ತದೆ. ಹೊರಗೆಲ್ಲ ಬಣ್ಣ ಹೊಡೆಸಿ ತಳ ಮರೆತರೆ ಏನು ಬಂತು? ಲೋಡು ಇಳಿದ ಮೇಲೆ ಎರಡು ಬಕೆಟ್ ನೀರು ಸುರಿದು ಒಣಗಿಸಿ. ಶಿಡ್ಲಘಟ್ಟದ ಗೂಡು ಸಾಗಿಸುವ ಗಾಡಿಗೆ ಆ ಕಾಟವಿಲ್ಲ.

ಇನ್ನು ಬಣ್ಣ ಬದಲಿಸುವವರು ಹುಷಾರು. ಗಾಡಿಯ ಬಣ್ಣ ಆರ್.ಸಿ.ಯಲ್ಲಿ ದಾಖಲಾಗಿರುತ್ತದೆ, ಬದಲಿಸಬೇಕಾದರೆ ಆರ್.ಟಿ.ಓ.ಗೆ ತಿಳಿಸಿ ತಿದ್ದಿಸಬೇಕು. ಮಿಲಿಟರಿ ಹಸಿರು ರಕ್ಷಣಾ ಇಲಾಖೆಗೆ ಮಾತ್ರ, ಬೇರೆಯವರು ಹೊಡೆಸಿದರೆ ಕಾನೂನಿಗೆ ವಿರುದ್ಧ. ಟೂರಿಸ್ಟ್ ಬಸ್ಸಿಗೆ ಬಿಳಿ ಮೈ, ನಡುವೆ 5 ಸೆಂಟಿಮೀಟರಿನ ನೀಲಿ ಪಟ್ಟಿ ಎಂದು ಹಿಂದೆ ನಿಯಮವೇ ಇತ್ತು. ಬಣ್ಣದ ಭರದಲ್ಲಿ ರಾತ್ರಿ ಮಿನುಗುವ ಪಟ್ಟಿಯ ಮೇಲೂ ಗನ್ನು ತಿರುಗಿಸಿಬಿಟ್ಟರೆ ಕತ್ತಲಲ್ಲಿ ಹಿಂದೆ ಬರುವವನ ಗತಿ?

ಇಷ್ಟರಲ್ಲಿ ಮರೆತುಹೋಗುವವನು ಪೇಂಟರು. ಮೂಗಿಗೆ ಒಂದು ಕರ್ಚೀಫು ಕಟ್ಟಿಕೊಂಡು ಉಪ್ಪುಕಾಗದದಲ್ಲಿ ಹಳೇ ಬಣ್ಣವನ್ನು ಒಣಗೊಣಗಲೇ ಉಜ್ಜುತ್ತಾನೆ. ಹಳೇ ಹಳದಿ, ಕಿತ್ತಳೆ ಬಣ್ಣಗಳಲ್ಲಿ ಸೀಸ ಇರುವುದುಂಟು. ಬಣ್ಣದಲ್ಲಿ ಸೀಸಕ್ಕೆ ಮಿತಿ ಹಾಕಿದ 2016ರ ನಿಯಮ ಮನೆಗೆ ಬಳಿಯುವ ಬಣ್ಣಕ್ಕೆ, ಗಾಡಿಯ ಬಣ್ಣಕ್ಕಲ್ಲ. ಹಾರ್ಡ್‌ನರ್ ಬೆರೆಸಿ ಹೊಡೆಯುವ ಪಿ.ಯು. ಬಣ್ಣದ ಮಂಜು ಉಬ್ಬಸ ತರಿಸಬಲ್ಲದು, ಕರ್ಚೀಫು ಅದನ್ನು ತಡೆಯದು. ನೀರು ಹಾಕಿ ಉಜ್ಜಿದರೆ ಧೂಳು ಏಳುವುದಿಲ್ಲ. ಗಾಡಿ ಬಿಡುವ ಓನರು ಲೀಟರುಗಟ್ಟಲೆ ಬಣ್ಣದ ಜತೆಗೆ ಕಾರ್ಟ್ರಿಡ್ಜ್ ಇರುವ ಮಾಸ್ಕ್ ಒಂದನ್ನೂ ತಂದುಕೊಟ್ಟರೆ ಬಿಲ್ಲೇನೂ ಆಕಾಶಕ್ಕೆ ಏರುವುದಿಲ್ಲ.

ಹಳೇ ಗಾಡಿ ಕೊಳ್ಳಲು ಹೊರಟವರು ಜೇಬಿನಲ್ಲಿ ಒಂದು ಸಣ್ಣ ಆಯಸ್ಕಾಂತ ಇಟ್ಟುಕೊಳ್ಳಿ. ಬಟ್ಟೆಯಲ್ಲಿ ಸುತ್ತಿ ಕಬ್ಬಿಣದ ತಗಡಿನ ಮೇಲೆ ಆಡಿಸಿ. ಅಂಟಿಕೊಂಡು ಹೋಗುತ್ತಿದ್ದದ್ದು ಒಂದು ಕಡೆ ಜಾರಿ ಬಿತ್ತೋ, ಅಲ್ಲಿರುವುದು ಲಪ್ಪ. ರೇಟು ಮಾತಾಡುವುದು ಆಮೇಲೆ.