ಪಿಸ್ತೂಲಿನ ಟ್ರಿಗರ್: ಒರೆಸುವುದು ಮನೆಯಲ್ಲಿ, ಉಜ್ಜುವುದು ಕಸುಬುದಾರನಲ್ಲಿ

ಆಯುಧ ಪೂಜೆಯ ದಿನ ಹೊರನಾಡ ಕನ್ನಡಿಗರ ಮನೆಗಳಲ್ಲಿ ದೇವರ ಮುಂದೆ ಬರುವ ವಸ್ತುಗಳು ಕಾಲಕ್ಕೆ ತಕ್ಕಂತೆ ಬದಲಾಗುತ್ತಾ ಬಂದಿವೆ. ಕತ್ತಿ, ಈಳಿಗೆಮಣೆ, ಹೊಲಿಗೆ ಯಂತ್ರಗಳ ಜತೆ ಸ್ಕೂಟರ್, ಕಾರು, ಕಂಪ್ಯೂಟರ್‌ಗಳು ಬಂದು ಸೇರಿದವು. ಶೂಟಿಂಗ್ ಕಲಿಯುವ ಮಕ್ಕಳಿರುವ ಮನೆಗಳಲ್ಲಿ ಏರ್ ಪಿಸ್ತೂಲಿಗೂ ಈಗ ಒಂದು ಹೂವು, ಚಿಟಿಕೆ ಕುಂಕುಮ ಸಲ್ಲುತ್ತಿದೆ. ಮುಂಬಯಿಯ ವರ್ಲಿ, ಪುಣೆಯ ಬಾಲೇವಾಡಿ, ಹೈದರಾಬಾದಿನ ಗಚ್ಚಿಬೌಲಿ, ದಿಲ್ಲಿಯ ಡಾ. ಕರ್ಣಿ ಸಿಂಗ್ ರೇಂಜ್‌ಗಳಲ್ಲಿ ಅಭ್ಯಾಸಕ್ಕಿಳಿಯುವ ಎಳೆಯರಿಗೆ ಗುರಿಯ ಪಾಠವನ್ನು ತರಬೇತುದಾರರು ಹೇಳಿಕೊಡುತ್ತಾರೆ. ಆದರೆ ದುಬಾರಿ ಬೆಲೆಯ ಪಿಸ್ತೂಲನ್ನು ಮನೆಗೆ ತಂದ ಮೇಲೆ ಅದನ್ನು ನೋಡಿಕೊಳ್ಳುವ ಹೊಣೆ ಪೋಷಕರದು. ಅದರಲ್ಲೂ ಟ್ರಿಗರ್ ಭಾಗದ ಪಾಲನೆಯಲ್ಲಿ ಎಷ್ಟು ಕೆಲಸ ಮನೆಯಲ್ಲಿ ಮಾಡಬಹುದು, ಎಲ್ಲಿ ಕೈ ತಡೆಯಬೇಕು ಎಂಬುದನ್ನು ತಿಳಿದುಕೊಳ್ಳುವುದು ಅತ್ಯಗತ್ಯ.

ಟೋಕಿಯೋ ಕಲಿಸಿದ ಪಾಠ

ಪಿಸ್ತೂಲಿನ ಒಂದು ಸಣ್ಣ ಬಿಡಿಭಾಗ ವರ್ಷಗಟ್ಟಲೆಯ ಸಾಧನೆಯನ್ನು ಹೇಗೆ ಅಲುಗಾಡಿಸಬಲ್ಲದು ಎಂಬುದನ್ನು ದೇಶ ಕಣ್ಣಾರೆ ಕಂಡದ್ದು 2021ರ ಜುಲೈ 25ರಂದು. ಟೋಕಿಯೋ ಒಲಿಂಪಿಕ್ಸ್‌ನ ಮಹಿಳೆಯರ 10 ಮೀಟರ್ ಏರ್ ಪಿಸ್ತೂಲ್ ಅರ್ಹತಾ ಸುತ್ತಿನಲ್ಲಿ ಮನು ಭಾಕರ್ ಮೊದಲ ಹತ್ತು ಹೊಡೆತಗಳಿಗೆ 98 ಅಂಕ ಗಳಿಸಿ ಉತ್ತಮ ಆರಂಭ ಪಡೆದಿದ್ದರು. ಎರಡನೇ ಸರಣಿಯ ನಡುವೆ ಅವರ ಪಿಸ್ತೂಲು ಕೈಕೊಟ್ಟಿತು. ಅದು ಎಲೆಕ್ಟ್ರಾನಿಕ್ ಟ್ರಿಗರ್ ಹೊಂದಿದ್ದ ಪಿಸ್ತೂಲು. ಬಿಡಿಭಾಗ ಬದಲಿಸಿ, ಪರೀಕ್ಷಿಸಿ ಮತ್ತೆ ಗುರಿಯ ಮುಂದೆ ನಿಲ್ಲುವಷ್ಟರಲ್ಲಿ ಅಮೂಲ್ಯವಾದ ಹದಿನೈದು ನಿಮಿಷಕ್ಕೂ ಹೆಚ್ಚು ಕಾಲ ಕಳೆದುಹೋಗಿತ್ತು. ಒಟ್ಟು 60 ಹೊಡೆತಗಳಿಗೆ ಸಿಗುವುದು 75 ನಿಮಿಷ. ಉಳಿದ 44 ಹೊಡೆತಗಳನ್ನು ಅವಸರದಲ್ಲೇ ಮುಗಿಸಬೇಕಾಯಿತು. 575 ಅಂಕಗಳೊಂದಿಗೆ ಅವರು 12ನೇ ಸ್ಥಾನ ಪಡೆದರು. ಫೈನಲ್ ತಪ್ಪಿದ್ದು ಕೇವಲ ಎರಡು ಅಂಕಗಳಿಂದ.

ಅದೇ ಮನು ಭಾಕರ್ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಇದೇ ಸ್ಪರ್ಧೆಯ ಕಂಚು ಗೆದ್ದು, ಒಲಿಂಪಿಕ್ ಪದಕ ಪಡೆದ ಭಾರತದ ಮೊದಲ ಮಹಿಳಾ ಶೂಟರ್ ಎನಿಸಿದರು. ಸರಬ್‌ಜೋತ್ ಸಿಂಗ್ ಅವರೊಂದಿಗೆ ಮಿಶ್ರ ತಂಡದ ಕಂಚನ್ನೂ ತಂದರು. ಟೋಕಿಯೋದಲ್ಲಿ ಆದದ್ದು ಯಾರ ತಪ್ಪೂ ಅಲ್ಲದಿರಬಹುದು. ಯಂತ್ರ ಯಾವಾಗಲಾದರೂ ಕೆಡಬಹುದು. ಆದರೆ ಈ ಕ್ರೀಡೆಯಲ್ಲಿ ಕೈಯಷ್ಟೇ ಮುಖ್ಯ ಕೈಯಲ್ಲಿರುವ ಸಾಧನ ಎಂಬುದು ಅಂದು ಮನದಟ್ಟಾಯಿತು.

ಏರ್ ಪಿಸ್ತೂಲ್ ಕ್ಷೇತ್ರದಲ್ಲಿ ಕನ್ನಡನಾಡಿನ ಹೆಸರೂ ಇದೆ ಎಂಬುದು ಹೆಮ್ಮೆಯ ವಿಷಯ. ಬೆಂಗಳೂರಿನ ಪ್ರಕಾಶ್ ನಂಜಪ್ಪ 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 10 ಮೀಟರ್ ಏರ್ ಪಿಸ್ತೂಲಿನ ಬೆಳ್ಳಿ ಗೆದ್ದವರು. 2023ರಲ್ಲಿ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದಲ್ಲಿ ಬೆಂಗಳೂರಿನವರೇ ಆದ ದಿವ್ಯಾ ಟಿ.ಎಸ್. ಮಹಿಳಾ ತಂಡ ವಿಭಾಗದಲ್ಲೂ ಮಿಶ್ರ ತಂಡ ವಿಭಾಗದಲ್ಲೂ ಬೆಳ್ಳಿ ಪಡೆದರು.

500 ಗ್ರಾಮಿನ ಲೆಕ್ಕ

10 ಮೀಟರ್ ದೂರದಲ್ಲಿರುವ ಗುರಿಫಲಕದ ಹತ್ತು ಅಂಕದ ವೃತ್ತದ ಅಗಲ 11.5 ಮಿ.ಮೀ. ಮಾತ್ರ. ಅಂದರೆ ಅಂಗಿಯ ಒಂದು ಗುಂಡಿಯಷ್ಟು. ಒಂದೇ ಕೈಯಲ್ಲಿ ಪಿಸ್ತೂಲು ಹಿಡಿದು ಆ ಚುಕ್ಕೆಗೆ ಹೊಡೆಯಬೇಕು. ಬೆರಳು ಟ್ರಿಗರನ್ನು ಹಿಂದಕ್ಕೆ ಸೆಳೆಯುವ ಆ ಗಳಿಗೆಯಲ್ಲಿ ಸಣ್ಣದೊಂದು ಎಳೆತ, ಕೊಂಕು ಉಂಟಾದರೂ ಹತ್ತು ಇದ್ದದ್ದು ಎಂಟಕ್ಕೆ ಇಳಿಯುತ್ತದೆ. ಹಾಗಾಗಿ ಟ್ರಿಗರ್ ಬೆಣ್ಣೆಯಂತೆ ನುಣುಪಾಗಿ ಸರಿಯಬೇಕೆಂಬುದು ಪ್ರತಿಯೊಬ್ಬ ಶೂಟರ್‌ನ ಆಸೆ.

ಆದರೆ ನುಣುಪಿಗೂ ಹಗುರಕ್ಕೂ ವ್ಯತ್ಯಾಸವಿದೆ. ಅಂತಾರಾಷ್ಟ್ರೀಯ ನಿಯಮದಂತೆ 10 ಮೀಟರ್ ಏರ್ ಪಿಸ್ತೂಲಿನ ಟ್ರಿಗರ್ ಕನಿಷ್ಠ 500 ಗ್ರಾಂ ಭಾರವನ್ನು ತಾಳಿಕೊಳ್ಳಬೇಕು. 25 ಮೀಟರ್ ಪಿಸ್ತೂಲಿಗೆ ಇದು 1000 ಗ್ರಾಂ. ಪರೀಕ್ಷೆ ಬಹು ಸರಳ. ಪಿಸ್ತೂಲಿನ ನಳಿಗೆಯನ್ನು ನೇರ ಮೇಲಕ್ಕೆ ಹಿಡಿದು, ಟ್ರಿಗರಿಗೆ ತೂಕದ ಕಲ್ಲು ಸಿಕ್ಕಿಸಿ ಎತ್ತುತ್ತಾರೆ. ಕಲ್ಲು ಮೇಲೇಳುವ ಮೊದಲೇ ಟ್ರಿಗರ್ ಬಿಟ್ಟುಕೊಂಡರೆ ಪಿಸ್ತೂಲು ನಪಾಸು. ಸ್ಪರ್ಧೆ ಮುಗಿದ ಮೇಲೂ ಆಯ್ದ ಕೆಲವರ ಪಿಸ್ತೂಲನ್ನು ಹೀಗೆ ತೂಗುವುದುಂಟು. ಆಗ ತಪ್ಪು ಕಂಡುಬಂದರೆ ಗಳಿಸಿದ ಅಂಕವೆಲ್ಲ ಹೋಗಿ ಸ್ಪರ್ಧಿ ಅನರ್ಹಗೊಳ್ಳುತ್ತಾನೆ.

ಒಳಗೆ ನಡೆಯುವುದೇನು?

ಟ್ರಿಗರಿನ ಕೆಲಸವನ್ನು ಬಾಗಿಲ ಅಗುಳಿಗೆ ಹೋಲಿಸಬಹುದು. ಒಳಗೊಂದು ಬಲವಾದ ಸ್ಪ್ರಿಂಗ್ ಇದೆ. ಅದು ಒತ್ತಿದ ಸ್ಥಿತಿಯಲ್ಲಿ ಮುಂದಕ್ಕೆ ಚಿಮ್ಮಲು ಕಾದಿರುತ್ತದೆ. ಅದನ್ನು ತಡೆದು ನಿಲ್ಲಿಸುವುದು ಉಕ್ಕಿನ ಒಂದು ಪುಟ್ಟ ಕೊಕ್ಕೆ. ಇದಕ್ಕೆ ಕಸುಬಿನವರು ಸಿಯರ್ ಎನ್ನುತ್ತಾರೆ. ಬೆರಳು ಟ್ರಿಗರನ್ನು ಸೆಳೆದಾಗ ಕೊಕ್ಕೆ ಮೆಲ್ಲನೆ ಜಾರುತ್ತದೆ, ಕೊನೆಯ ಅಂಚು ದಾಟಿದೊಡನೆ ಸ್ಪ್ರಿಂಗ್ ಚಿಮ್ಮಿ ಹೊಡೆತ ಬೀಳುತ್ತದೆ. ಕೊಕ್ಕೆ ಮತ್ತು ಅದು ಹಿಡಿದಿರುವ ಕಚ್ಚು ಒಂದಕ್ಕೊಂದು ತಾಗುವ ಜಾಗ ಬಹಳ ಕಿರಿದು, ಬರಿಗಣ್ಣಿಗೆ ಒಂದು ಗೆರೆಯಂತೆ ಕಾಣುವಷ್ಟು. ಟ್ರಿಗರಿನ ಗುಣವೆಲ್ಲ ಅಡಗಿರುವುದು ಈ ಗೆರೆಯಲ್ಲೇ.

ಅಲ್ಲಿ ಧೂಳು, ಹಳೆಯ ಎಣ್ಣೆಯ ಜಿಡ್ಡು ಸೇರಿದರೆ ಬೆರಳಿಗೆ ಮರಳಿನ ಮೇಲೆ ಎಳೆದಂತೆ ಭಾಸವಾಗುತ್ತದೆ. ಮುಂಬಯಿ, ಚೆನ್ನೈಗಳ ಕಡಲ ಗಾಳಿಯಲ್ಲಿರುವ ಉಪ್ಪು ಮತ್ತು ತೇವದಿಂದ ತುಕ್ಕು ಹಿಡಿಯುತ್ತದೆ. ದಿಲ್ಲಿಯ ಧೂಳು ಇನ್ನೊಂದು ಬಗೆಯ ಕಾಟ. ಟ್ರಿಗರ್ ಒರಟಾಯಿತೆಂಬ ದೂರುಗಳಲ್ಲಿ ಅನೇಕವು ಬರೀ ಕೊಳೆಯಿಂದ ಬಂದವು. ಅಂಥವಕ್ಕೆ ಶುಚಿಯೇ ಮದ್ದು, ಪಾಲಿಶ್ ಅಲ್ಲ.

ಉಜ್ಜಿದರೆ ಆಗುವ ಅನಾಹುತ

ಇಷ್ಟಾದರೂ ಕೆಲವರಿಗೆ ಕೈ ಸುಮ್ಮನಿರದು. ಪಿಸ್ತೂಲನ್ನು ಬಿಚ್ಚಿ, ಪಾಲಿಶ್ ಪೇಪರ್, ಸಾಣೆಕಲ್ಲು ಹಿಡಿದು ಕೊಕ್ಕೆಯ ಮುಖವನ್ನು ಕನ್ನಡಿಯಂತೆ ಹೊಳೆಯಿಸಿದರೆ ಟ್ರಿಗರ್ ನಯವಾಗುತ್ತದೆಂಬ ನಂಬಿಕೆ ಅವರದು. ಕೆಲವು ದಿನ ನಯವಾದಂತೆಯೂ ಅನಿಸಬಹುದು. ಅಪಾಯ ಇರುವುದೇ ಅಲ್ಲಿ.

ಮೊದಲನೆಯದಾಗಿ, ಈ ಭಾಗಗಳ ಮೇಲ್ಮೈಯನ್ನು ಕಾರ್ಖಾನೆಯಲ್ಲಿ ಕಾಯಿಸಿ ಗಡಸುಗೊಳಿಸಿರುತ್ತಾರೆ. ಕೆಲವು ಭಾಗಗಳಲ್ಲಿ ಈ ಗಡಸು ಪದರ ತೀರಾ ತೆಳು. ಉಜ್ಜಿ ಅದನ್ನು ತೆಗೆದುಹಾಕಿದರೆ ಒಳಗಿನ ಮೆದು ಲೋಹ ಬೇಗನೆ ಸವೆಯುತ್ತದೆ. ಇಂದು 500 ಗ್ರಾಂ ತಾಳಿದ ಟ್ರಿಗರ್ ಕೆಲ ತಿಂಗಳಲ್ಲಿ ಅಷ್ಟು ತಾಳದೆ ಹೋಗಬಹುದು. ಎರಡನೆಯದಾಗಿ, ಕೈಯಲ್ಲಿ ಹಿಡಿದು ಉಜ್ಜುವಾಗ ಅಂಚು ಗುಂಡಗಾಗುತ್ತದೆ, ಕೋನ ಬದಲಾಗುತ್ತದೆ. ಕೋನ ಬದಲಾದ ಕೊಕ್ಕೆ ಕಚ್ಚನ್ನು ಗಟ್ಟಿಯಾಗಿ ಹಿಡಿಯದು. ಮೇಜಿನ ಮೇಲೆ ಸ್ವಲ್ಪ ಜೋರಾಗಿ ಇಟ್ಟರೂ, ಕೈಯಿಂದ ಜಾರಿ ಬಿದ್ದರೂ ಬೆರಳು ಸೋಕದೆಯೇ ಹೊಡೆತ ಬೀಳುವ ಸಂಭವವಿದೆ. ಮೂರನೆಯದಾಗಿ, ಉಜ್ಜಿ ತೆಗೆದ ಲೋಹವನ್ನು ಮರಳಿ ಹಚ್ಚಲಾಗದು. ಭಾಗವನ್ನೇ ಬದಲಿಸಬೇಕು. ವಿದೇಶಿ ಪಿಸ್ತೂಲಾದರೆ ಅದನ್ನು ತರಿಸಿಕೊಳ್ಳಲು ಹಣವೂ ಬೇಕು, ಕಾಯುವ ತಾಳ್ಮೆಯೂ ಬೇಕು.

ಕಸುಬುದಾರರು ಪಾಲಿಶ್ ಮಾಡುವುದಿಲ್ಲವೇ ಎಂದರೆ ಮಾಡುತ್ತಾರೆ. ಆದರೆ ಅವರು ಕೋನ ತಪ್ಪದಂತೆ ಹಿಡಿಯುವ ಅಚ್ಚು, ಭೂತಗನ್ನಡಿ, ಅಳತೆಯ ಸಾಧನಗಳನ್ನು ಇಟ್ಟುಕೊಂಡಿರುತ್ತಾರೆ. ಕೆಲಸ ಮುಗಿದ ಮೇಲೆ ಟ್ರಿಗರಿನ ಭಾರ ಮತ್ತು ಸುರಕ್ಷತೆಯನ್ನು ಪರೀಕ್ಷಿಸಿಯೇ ಕೊಡುತ್ತಾರೆ. ಎಷ್ಟೋ ಸಲ ಅವರು ಬಿಚ್ಚಿ ನೋಡಿ, ತೊಳೆದು, ಏನನ್ನೂ ಉಜ್ಜದೆ ಹಿಂದಿರುಗಿಸುವುದೂ ಉಂಟು.

ಕಾನೂನು ಹೇಳುವುದೇನು?

ತೋಟಾ ಹಾರಿಸುವ ಪಿಸ್ತೂಲು, ರಿವಾಲ್ವರ್‌ಗಳ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮಿನಂತೆ ಬಂದೂಕುಗಳ ತಯಾರಿ, ಮಾರಾಟಗಳಂತೆ ದುರಸ್ತಿ ಮತ್ತು ಮಾರ್ಪಾಡಿನ ಕಸುಬಿಗೂ ಪರವಾನಗಿ ಬೇಕು. ಬಂದೂಕು ಇಟ್ಟುಕೊಳ್ಳಲು ಸಿಕ್ಕಿರುವ ಲೈಸನ್ಸ್ ಅದನ್ನು ಬಿಚ್ಚಿ ಮಾರ್ಪಡಿಸಲು ಸಿಕ್ಕಿದ ಅನುಮತಿಯಲ್ಲ. ಆದ್ದರಿಂದ ಅಂಥ ಕೆಲಸಕ್ಕೆ ಪರವಾನಗಿ ಪಡೆದ ಬಂದೂಕು ಅಂಗಡಿ ಅಥವಾ ದುರಸ್ತಿಗಾರರ ಬಳಿಗೇ ಹೋಗಬೇಕು, ಕೊಟ್ಟದ್ದಕ್ಕೆ ರಸೀದಿ ಪಡೆಯಬೇಕು.

ಮನೆಯಲ್ಲಿ ಮಾಡಬಹುದಾದದ್ದು

ಹಾಗೆಂದು ಮನೆಯಲ್ಲಿ ಏನೂ ಮಾಡಬಾರದೆಂದಲ್ಲ. ನಿಯಮಿತವಾಗಿ ಮಾಡಿದರೆ ಪಿಸ್ತೂಲಿನ ಆಯುಷ್ಯ ಹೆಚ್ಚಿಸುವ ಕೆಲಸಗಳು ಹಲವಿವೆ.

ಮೊದಲು ಪಿಸ್ತೂಲು ಖಾಲಿ ಇದೆಯೆಂದು ಖಚಿತಪಡಿಸಿಕೊಳ್ಳಬೇಕು. ನಳಿಗೆ ಯಾರತ್ತಲೂ ತಿರುಗಿರಬಾರದು. ಏರ್ ಪಿಸ್ತೂಲಿನ ಗುಂಡು ತುಂಬುವ ಜಾಗವನ್ನು ತೆರೆದು ಕಣ್ಣಿನಿಂದ ನೋಡಬೇಕು, ಗಾಳಿಯ ಸಿಲಿಂಡರ್ ಕಳಚುವಂಥದಾದರೆ ಕಳಚಿ ಬದಿಗಿಡಬೇಕು. ಗುಂಡುಗಳ ಡಬ್ಬಿ ಆ ಕೋಣೆಯಲ್ಲೇ ಇರಬಾರದು. ಮಗು ನೋಡಿದ್ದರೂ ಹಿರಿಯರು ಇನ್ನೊಮ್ಮೆ ನೋಡುವುದು ಒಳ್ಳೆಯದು.

ಅಭ್ಯಾಸ ಮುಗಿಸಿ ಬಂದ ದಿನ ಎಳೆ ಬಿಡದ ಒಣ ಹತ್ತಿ ಬಟ್ಟೆಯಿಂದ ಹೊರಭಾಗವನ್ನು, ಬೆರಳು ತಾಗುವ ಟ್ರಿಗರನ್ನು ಒರೆಸಬೇಕು. ಬೆವರಿನ ಉಪ್ಪು ತುಕ್ಕಿಗೆ ದಾರಿ. ಟ್ರಿಗರಿನ ಸುತ್ತಲ ಸಂದುಗಳ ಧೂಳನ್ನು ಮೆತ್ತನೆಯ ಬಣ್ಣದ ಕುಂಚದಿಂದ ಹೊರಕ್ಕೆ ಗುಡಿಸಬೇಕು. ಒಳಕ್ಕೆ ಊದಬಾರದು.

ಎಣ್ಣೆಯ ವಿಷಯದಲ್ಲಿ ಜಿಪುಣತನವೇ ಲೇಸು. ತಯಾರಕರ ಕೈಪಿಡಿ ಹೇಳಿದ ಎಣ್ಣೆಯನ್ನು, ಹೇಳಿದ ಜಾಗಕ್ಕೆ, ಸೂಜಿಯ ಮೊನೆಯಿಂದ ಒಂದು ಹನಿ ಮುಟ್ಟಿಸಿದರೆ ಸಾಕು. ಡಬ್ಬಿಯಿಂದ ನೇರವಾಗಿ ಸಿಂಪಡಿಸಿದರೆ ಹೆಚ್ಚಾದ ಎಣ್ಣೆ ಧೂಳನ್ನು ಕಚ್ಚಿ ಹಿಡಿದು ಜಿಡ್ಡಾಗುತ್ತದೆ. ಕೈಗೆ ಸಿಕ್ಕಿತೆಂದು ತೆಂಗಿನೆಣ್ಣೆಯನ್ನಂತೂ ಹಚ್ಚಲೇಬಾರದು. ಉಷ್ಣತೆ 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಅದು ಹೆಪ್ಪುಗಟ್ಟುವುದು ದಿಲ್ಲಿ, ಪುಣೆಯ ಚಳಿ ಕಂಡ ಎಲ್ಲ ಗೃಹಿಣಿಯರಿಗೂ ಗೊತ್ತು. ಟ್ರಿಗರಿನೊಳಗೆ ಹೆಪ್ಪುಗಟ್ಟಿದರೆ ಆಗುವ ಪರಿಣಾಮ ಊಹಿಸಬಹುದು. ಪೆಟ್ರೋಲ್, ಥಿನ್ನರ್‌ಗಳಿಂದ ತೊಳೆಯುವುದೂ ತರವಲ್ಲ. ಅವು ರಬ್ಬರಿನ ವಾಷರ್‌ಗಳನ್ನು ಹಾಳುಮಾಡುತ್ತವೆ, ಮನೆಯಲ್ಲಿ ಬೆಂಕಿಯ ಭಯ ಬೇರೆ.

ಟ್ರಿಗರಿನ ಭಾರ, ಸರಿಯುವ ದೂರ ಹೊಂದಿಸಲು ಪುಟ್ಟ ಸ್ಕ್ರೂಗಳಿರುತ್ತವೆ. ಅವನ್ನು ತರಬೇತುದಾರರ ಎದುರಿನಲ್ಲೇ ತಿರುಗಿಸಬೇಕು. ಮೊದಲಿದ್ದ ಸ್ಥಿತಿಯನ್ನು ಬರೆದಿಟ್ಟುಕೊಳ್ಳಬೇಕು, ಬಳಿಕ ತೂಕದ ಕಲ್ಲಿನಿಂದ ಪರೀಕ್ಷಿಸಬೇಕು. ಸರಿಯಾಗಿ 500 ಗ್ರಾಮಿಗೇ ನಿಲ್ಲಿಸದೆ ಸ್ವಲ್ಪ ಮೇಲಿಟ್ಟುಕೊಂಡರೆ ಸ್ಪರ್ಧೆಯ ದಿನ ನಿಶ್ಚಿಂತೆ. ಎಲೆಕ್ಟ್ರಾನಿಕ್ ಟ್ರಿಗರ್ ಇದ್ದರೆ ಅದಕ್ಕೆ ಎಣ್ಣೆ ತಾಗಿಸಬಾರದು, ದೊಡ್ಡ ಸ್ಪರ್ಧೆಗೆ ಮುನ್ನ ಬ್ಯಾಟರಿ ಪರೀಕ್ಷಿಸಿ ಹೊಸತೊಂದನ್ನು ಜತೆಗಿಟ್ಟುಕೊಳ್ಳಬೇಕು.

ಮಳೆಗಾಲದಲ್ಲಿ ಪೆಟ್ಟಿಗೆಯೊಳಗಿನ ಸ್ಪಂಜು ತೇವ ಹೀರಿಕೊಂಡು ಪಿಸ್ತೂಲಿಗೆ ದಾಟಿಸುತ್ತದೆ. ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ಇಟ್ಟು, ವಾರಕ್ಕೊಮ್ಮೆ ತೆರೆದು ನೋಡಬೇಕು. ಪೆಟ್ಟಿಗೆಗೆ ಬೀಗ ಕಡ್ಡಾಯ. ವರ್ಷಕ್ಕೊಮ್ಮೆ, ಸ್ಪರ್ಧೆಗಳು ಆರಂಭವಾಗುವ ಮುನ್ನ, ಅನುಭವಿ ದುರಸ್ತಿಗಾರರಿಗೆ ತೋರಿಸುವುದು ಕ್ಷೇಮ.

ತೋಕ್ ಪೂವಿನ ನಾಡಿನಿಂದ

ಕೋವಿಯನ್ನು ಶುಚಿಯಾಗಿಡುವ ಶಿಸ್ತು ಕನ್ನಡನಾಡಿಗೆ ಹೊಸತೇನಲ್ಲ. ಕೊಡಗಿನಲ್ಲಿ ಸೆಪ್ಟೆಂಬರ್ ಆರಂಭದಲ್ಲಿ ಬರುವ ಕೈಲ್ ಪೊಳ್ದ್ ಹಬ್ಬದಂದು ಕೊಡವ ಕುಟುಂಬಗಳು ಕೋವಿಯನ್ನು ಒರೆಸಿ, ದೇವರ ಕೋಣೆಯಲ್ಲಿರಿಸಿ, ಗಂಧ ಹಚ್ಚಿ, ತೋಕ್ ಪೂ ಎಂಬ ಹೂವಿನಿಂದ ಅಲಂಕರಿಸುತ್ತವೆ. ತೋಕ್ ಎಂದರೆ ಕೊಡವ ಭಾಷೆಯಲ್ಲಿ ಕೋವಿ. ಪೂಜೆಯ ಬಳಿಕ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಸ್ಪರ್ಧೆಯೂ ನಡೆಯುತ್ತದೆ. ಹೊರನಾಡಿನಲ್ಲಿ ನೆಲೆಸಿರುವ ಕೊಡವ ಬಾಂಧವರೂ ಈ ಹಬ್ಬವನ್ನು ಮರೆತಿಲ್ಲ. ಕೋವಿಯನ್ನು ಗೌರವದಿಂದ ಕಾಣಬೇಕು, ಆಟಿಕೆಯಾಗಿ ಅಲ್ಲ ಎಂಬ ಭಾವ ಈ ಆಚರಣೆಯ ಹಿಂದಿದೆ.

ಸ್ಪರ್ಧೆಯ ಪಿಸ್ತೂಲಿಗೂ ಅದೇ ಭಾವ ಸಲ್ಲಬೇಕು. ಕನ್ನಡ ಸಂಘಗಳು ಮಕ್ಕಳಿಗಾಗಿ ನಡೆಸುವ ಬೇಸಿಗೆ ಶಿಬಿರ, ಕ್ರೀಡಾ ದಿನಗಳಲ್ಲಿ ಸ್ಥಳೀಯ ರೇಂಜಿನ ತರಬೇತುದಾರರನ್ನು ಒಂದು ತಾಸು ಆಹ್ವಾನಿಸಿ, ಆಸಕ್ತ ಮಕ್ಕಳಿಗೂ ಪೋಷಕರಿಗೂ ಸುರಕ್ಷತೆ ಮತ್ತು ಪಾಲನೆಯ ತಿಳಿವಳಿಕೆ ಕೊಡಿಸಿದರೆ ಉಪಕಾರವಾದೀತು. ಒರೆಸುವ ಬಟ್ಟೆ, ಮೆತ್ತನೆಯ ಕುಂಚ, ಒಂದು ಹನಿ ಎಣ್ಣೆ, 500 ಗ್ರಾಮಿನ ತೂಕದ ಕಲ್ಲು, ಬೀಗವಿರುವ ಪೆಟ್ಟಿಗೆ. ಮನೆಯಲ್ಲಿ ಇಷ್ಟಿದ್ದರೆ ಸಾಕು. ಅರ, ಸಾಣೆಕಲ್ಲುಗಳು ಕಸುಬುದಾರನ ಮೇಜಿನ ಮೇಲೇ ಇರಲಿ.