ಕಿಟ್ಟೆಲ್ ಸೀಮೆಯ ಕಪ್ಪು ಕೆರೆ

*ಜರ್ಮನಿಯ ಉತ್ತರದ ತಗ್ಗುನಾಡಿನಲ್ಲಿ ಮಳೆನೀರನ್ನಷ್ಟೇ ಕುಡಿದು ಬೆಳೆದ ಜೌಗು, ಅದರ ನಡುವೆ ಎಂದೆಂದಿನ ಕೆರೆ. ಹಲಗೆಯ ದಾರಿಯಲ್ಲಿ ಒಂದು ನಡಿಗೆ.*

ಮಣ್ಣಿನ ರಸ್ತೆ ಮುಗಿದು ಮರದ ಹಲಗೆ ಶುರುವಾಗುವಲ್ಲಿ ಹೆಜ್ಜೆಯ ಸದ್ದೇ ಬದಲಾಗುತ್ತದೆ. ಎಡಕ್ಕೂ ಬಲಕ್ಕೂ ಕೆಂಪು, ಹಸಿರು, ತುಸು ಹಳದಿ ಬೆರೆತ ಹಾವಸೆಯ ಹಾಸು. ನೋಡಿದರೆ ಹತ್ತಿ ತುಂಬಿದ ಹಾಸಿಗೆ. ಇಳಿದರೆ ಕಾಲು ಹೂತುಹೋಗುವ ಜೌಗು. ಕಣ್ಣಿಗೆ ನೆಲದಂತೆ ಕಾಣುವ ಇದರ ಹತ್ತು ಪಾಲಿನಲ್ಲಿ ಒಂಬತ್ತು ಪಾಲು ನೀರೇ. ಬರ್ಚ್ ಮರಗಳ ಬಿಳಿ ಕಾಂಡಗಳನ್ನು ದಾಟಿ ಮುಂದೆ ಹೋದರೆ ಹಾಲು ಹಾಕದ ಡಿಕಾಕ್ಷನ್ ಬಣ್ಣದ ದೊಡ್ಡ ಕೆರೆ ಎದುರಾಗುತ್ತದೆ. ಅದರ ಹೆಸರು ಎವಿಗೆಸ್ ಮೇರ್. ಕನ್ನಡದಲ್ಲಿ ಹೇಳುವುದಾದರೆ, ಎಂದೆಂದಿನ ಕೆರೆ.

ಜರ್ಮನಿಯ ವಾಯವ್ಯ ಮೂಲೆಯಲ್ಲಿ, ಉತ್ತರ ಸಮುದ್ರಕ್ಕೆ ಮೈಯೊಡ್ಡಿ ಮಲಗಿರುವ ಚಪ್ಪಟೆ ಸೀಮೆ ಪೂರ್ವ ಫ್ರೀಸಿಯಾ. ಬೆಟ್ಟವಿಲ್ಲ, ಗುಡ್ಡವಿಲ್ಲ, ಕಣ್ಣು ಹಾಯುವಷ್ಟು ದೂರ ಹುಲ್ಲುಗಾವಲು, ಕಾಲುವೆ, ಗಾಳಿಯಂತ್ರ. ಈ ಸೀಮೆಯ ನಡುವೆ, ಎವರ್ಸ್‌ಮೇರ್ ಎಂಬ ಹಳ್ಳಿಯ ಪಕ್ಕದಲ್ಲಿ ಸುಮಾರು 90 ಹೆಕ್ಟೇರ್ ಹರವಿಕೊಂಡಿರುವ ಈ ನೀರು ಇಡೀ ಜರ್ಮನಿಯಲ್ಲೇ ಅತಿ ದೊಡ್ಡ ಜೌಗುಕೆರೆ. ಹರವು ಇಷ್ಟಿದ್ದರೂ ಆಳ ಎರಡು ಮೂರು ಮೀಟರ್ ಮಾತ್ರ. 1939ರಿಂದ ಇದು ಸಂರಕ್ಷಿತ ಪ್ರದೇಶ.

ಕನ್ನಡಿಗರಿಗೆ ಈ ಸೀಮೆ ಪೂರ್ತಿ ಪರಕೀಯವಲ್ಲ. ಕೆರೆಯಿಂದ ಉತ್ತರಕ್ಕೆ ಹತ್ತು ಕಿಲೋಮೀಟರ್ ಆಸುಪಾಸಿನಲ್ಲಿ ರೆಸ್ಟರ್‌ಹಾಫೆ ಎಂಬ ಪುಟ್ಟ ಹಳ್ಳಿಯಿದೆ. 1832ರಲ್ಲಿ ಅಲ್ಲಿನ ಪಾದ್ರಿಯ ಮನೆಯಲ್ಲಿ ಹುಟ್ಟಿದ ಮಗುವೇ ಮುಂದೆ ಕನ್ನಡ ನಾಡಿಗೆ ಬಂದು, 1894ರಲ್ಲಿ ಸುಮಾರು 70 ಸಾವಿರ ಪದಗಳ ಕನ್ನಡ–ಇಂಗ್ಲಿಷ್ ನಿಘಂಟು ಕೊಟ್ಟ ಫರ್ಡಿನಾಂಡ್ ಕಿಟ್ಟೆಲ್. ಪದಗಳ ಬೆನ್ನು ಹತ್ತಿದ ಆ ಮನುಷ್ಯನ ತವರಿನಲ್ಲಿ ಪದಗಳೂ ಸ್ವಾರಸ್ಯವಾಗಿವೆ. ಶಾಲೆಯಲ್ಲಿ ಕಲಿಸುವ ಜರ್ಮನ್ ಭಾಷೆಯಲ್ಲಿ ‘ಮೇರ್’ ಎಂದರೆ ಸಮುದ್ರ. ಈ ಕಡಲತೀರದವರ ಬಾಯಲ್ಲಿ ‘ಮೇರ್’ ಎಂದರೆ ಕೆರೆ.

ಮಳೆ ಕುಡಿದು ಎದ್ದ ನೆಲ

ಹಿಮಯುಗ ಮುಗಿದು ಹಿಮದ ಹೊದಿಕೆ ಸರಿದ ಮೇಲೆ ಉಳಿದದ್ದು ಮರಳು ಮತ್ತು ಜೇಡಿಯ ಮಟ್ಟಸ ನೆಲ. ಬಿದ್ದ ಮಳೆ ಹರಿದುಹೋಗಲು ಇಳಿಜಾರಿಲ್ಲ, ಆವಿಯಾಗಿ ಹೋಗಲು ಬಿಸಿಲು ಸಾಲದು. ನಿಂತ ನೀರಿನಲ್ಲಿ ಸ್ಫ್ಯಾಗ್ನಮ್ ಎಂಬ ಹಾವಸೆ ಬೇರೂರಿತು ಎನ್ನುವಂತಿಲ್ಲ, ಅದಕ್ಕೆ ಬೇರೇ ಇಲ್ಲ. ಅದು ಬೆಳೆಯುವುದು ತುದಿಯಲ್ಲಿ, ಸಾಯುವುದು ಬುಡದಲ್ಲಿ. ತನ್ನ ತೂಕಕ್ಕಿಂತ ಇಪ್ಪತ್ತು ಪಟ್ಟು ನೀರನ್ನು ಹಿಡಿದಿಡುವ ಶಕ್ತಿ ಅದಕ್ಕಿದೆ. ಸುತ್ತಲಿನ ನೀರನ್ನು ಹುಳಿಯಾಗಿಸುವುದೂ ಅದೇ. ಆ ಹುಳಿ ನೀರಿನಲ್ಲಿ, ಗಾಳಿಯಾಡದ ಆಳದಲ್ಲಿ, ಸತ್ತ ಹಾವಸೆ ಕೊಳೆಯುವುದಿಲ್ಲ. ಪದರದ ಮೇಲೆ ಪದರವಾಗಿ ಕೂತು ಕಂದು ಬಣ್ಣದ ಪೀಟ್ ಆಗುತ್ತದೆ.

ಹೀಗೆ ಜೌಗು ಮೇಲೇಳುವುದು ವರ್ಷಕ್ಕೆ ಸುಮಾರು ಒಂದು ಮಿಲಿಮೀಟರ್. ಒಂದು ಮೀಟರ್ ಏರಲು ಸಾವಿರ ವರ್ಷ ಬೇಕು. ಏರುತ್ತಾ ಏರುತ್ತಾ ಅದು ಅಂತರ್ಜಲದ ಸಂಬಂಧವನ್ನೇ ಕಳಚಿಕೊಂಡು, ಆಕಾಶದಿಂದ ಬಿದ್ದದ್ದನ್ನಷ್ಟೇ ನಂಬಿ ಬದುಕತೊಡಗುತ್ತದೆ. ಮಳೆನೀರಿನಲ್ಲಿ ಪೋಷಕಾಂಶ ಎಷ್ಟಿದ್ದೀತು? ಆದ್ದರಿಂದ ಇಲ್ಲಿ ಬಾಳುವ ಜೀವಗಳೆಲ್ಲ ಬಡತನವನ್ನು ಬಲ್ಲವು.

ಹಲಗೆಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು ನೋಡಿ. ಹಾವಸೆಯ ನಡುವೆ ಗುಂಡುಸೂಜಿ ತಲೆಯಷ್ಟು ಹನಿಗಳನ್ನು ಹೊತ್ತ ಕೆಂಪು ಎಲೆ ಕಾಣುತ್ತದೆ. ಅದು ಡ್ರೊಸೆರಾ. ಮಣ್ಣಿನಲ್ಲಿ ಸಿಗದ ಸಾರಜನಕವನ್ನು ಅಂಟಿಗೆ ಸಿಕ್ಕ ಸೊಳ್ಳೆ, ನೊಣದಿಂದ ಪಡೆಯುವ ಗಿಡ. ಇದರ ನೆಂಟರು ನಮ್ಮ ಪಶ್ಚಿಮ ಘಟ್ಟದ ಜಂಬಿಟ್ಟಿಗೆ ಹಾಸಿನ ಮೇಲೂ ಮಳೆಗಾಲದಲ್ಲಿ ತಲೆಯೆತ್ತುತ್ತಾರೆ. ಮೇ, ಜೂನ್ ತಿಂಗಳಲ್ಲಿ ಬಂದರೆ ಹತ್ತಿಹುಲ್ಲಿನ ಬಿಳಿ ಕುಚ್ಚುಗಳು ಗಾಳಿಗೆ ತೊನೆಯುತ್ತಿರುತ್ತವೆ. ಆಗಸ್ಟ್ ಹೊತ್ತಿಗೆ ಹೀದರ್ ಗಿಡಗಳ ನಸುನೇರಳೆ ಹೂ. ಬಾಗಿದ ಉದ್ದ ಕೊಕ್ಕಿನ ಕರ್ಲ್ಯೂ ಹಕ್ಕಿಯ ಕೂಗು ಈ ಬಯಲಿನಲ್ಲಿ ಬಹುದೂರ ಹಾಯುತ್ತದೆ. ಕೆರೆಯ ಹುಳಿ ನೀರು ಮೀನಿಗೆ ಒಗ್ಗದು. ಏರೋಪ್ಲೇನ್ ಚಿಟ್ಟೆಗಳಿಗೆ ಅದೇ ತೊಟ್ಟಿಲು.

ಖರಾಬು ಎಂದವರ ಕಾಲ

ಕಂದಾಯದವರ ಭಾಷೆಯಲ್ಲಿ ಇಂಥ ನೆಲಕ್ಕೆ ನಾವು ಖರಾಬು ಎನ್ನುತ್ತೇವೆ. ಇಲ್ಲಿನ ಆಳುವವರೂ ಹಾಗೇ ತಿಳಿದಿದ್ದರು. ಮರ ಕಡಿಮೆಯಿದ್ದ ಈ ಸೀಮೆಯಲ್ಲಿ ಒಣಗಿದ ಪೀಟ್ ಒಲೆಗೆ ಉರುವಲು. 1633ರಲ್ಲಿ ಎಮ್ಡೆನ್ ಪಟ್ಟಣದ ವ್ಯಾಪಾರಿಗಳು ಗ್ರೋಸೆಫೇನ್ ಎಂಬಲ್ಲಿ ಜೌಗಿನೊಳಕ್ಕೆ ಕಾಲುವೆ ಕಡಿದರು. ಕಾಲುವೆಯಿಂದ ನೀರು ಇಳಿಯಿತು, ಇಟ್ಟಿಗೆಯಂತೆ ಕತ್ತರಿಸಿ ಒಣಗಿಸಿದ ಪೀಟ್ ಅದೇ ಕಾಲುವೆಯ ದೋಣಿಗಳಲ್ಲಿ ಪೇಟೆಗೆ ಹೋಯಿತು. ಮರಳಿ ಬರುವ ದೋಣಿಗಳು ಹೊಲಕ್ಕೆ ಗೊಬ್ಬರ ತಂದವು. ಅಂಥ ಕಾಲುವೆ ಊರುಗಳು ಹೇಗೋ ನೆಲೆನಿಂತವು.

ಆಮೇಲಿನವರ ಪಾಡು ಕಷ್ಟದ್ದು. 1765ರಲ್ಲಿ ಪ್ರಷ್ಯದ ದೊರೆ ಎರಡನೆಯ ಫ್ರೆಡರಿಕ್ ಸಾಗುವಳಿಯಾಗದ ಜೌಗೆಲ್ಲ ಸರ್ಕಾರದ್ದೆಂದು ಶಾಸನ ಹೊರಡಿಸಿ, ಬಡವರನ್ನು ಕರೆದು ತುಂಡು ತುಂಡು ಹಂಚಿದ. ಈ ಸಲ ಕಾಲುವೆ ಇರಲಿಲ್ಲ. ಜನ ಜೌಗಿನ ಮೇಲ್ಪದರವನ್ನು ಸುಟ್ಟು ಬೂದಿಯಲ್ಲಿ ಹುರುಳಿಗೋಧಿ, ಅಂದರೆ ಬಕ್‌ವೀಟ್ ಬಿತ್ತಿದರು. ಕೆಲವೇ ವರ್ಷಗಳಲ್ಲಿ ನೆಲದ ಸತ್ವ ಮುಗಿಯಿತು, ಹಸಿವು ಉಳಿಯಿತು. ಮೊದಲ ತಲೆಮಾರಿಗೆ ಸಾವು, ಎರಡನೆಯದಕ್ಕೆ ಸಂಕಟ, ಮೂರನೆಯದಕ್ಕೆ ರೊಟ್ಟಿ ಎಂಬ ಅರ್ಥದ ಗಾದೆ ಇಂದಿಗೂ ಈ ಭಾಗದಲ್ಲಿ ಚಾಲ್ತಿಯಲ್ಲಿದೆ. ಅವರು ಬಾಳಿದ ಮಣ್ಣುಹೆಂಟೆಯ ಗುಡಿಸಲುಗಳನ್ನು ಔರಿಕ್ ಪಟ್ಟಣದ ಬಳಿಯ ಮೂರ್‌ಡೋರ್ಫ್ ವಸ್ತುಸಂಗ್ರಹಾಲಯದಲ್ಲಿ ಮರಳಿ ಕಟ್ಟಿ ಇಟ್ಟಿದ್ದಾರೆ. ತಲೆ ಬಗ್ಗಿಸಿ ಒಳಹೊಕ್ಕರೆ ಖರಾಬು ನೆಲವನ್ನು ಹೊಲ ಮಾಡಹೊರಟವರು ತೆತ್ತ ಬೆಲೆ ಅರಿವಾಗುತ್ತದೆ.

ಜೌಗು ತಾನು ನುಂಗಿದ್ದನ್ನು ಕಾಪಾಡಿಕೊಳ್ಳುತ್ತದೆ ಕೂಡ. 1907ರಲ್ಲಿ ಕೆರೆಯ ದಕ್ಷಿಣಕ್ಕಿರುವ ಬೆರ್ನೂಟ್ಸ್‌ಫೆಲ್ಡ್‌ನಲ್ಲಿ ಪೀಟ್ ಕಡಿಯುತ್ತಿದ್ದವರ ಸಲಿಕೆಗೆ ಮನುಷ್ಯನ ದೇಹವೊಂದು ಸಿಕ್ಕಿತು. ಸುಮಾರು 1300 ವರ್ಷ ಹಳೆಯದು. ಮೈಮೇಲಿನ ಉಣ್ಣೆಯ ಅಂಗಿ ಹಾಗೇ ಇತ್ತು: ಹತ್ತಾರು ಬಗೆಬಗೆಯ ಬಟ್ಟೆಯ ತುಂಡುಗಳನ್ನು ಸೇರಿಸಿ ಹೊಲಿದದ್ದು. ಉತ್ತರ ಕರ್ನಾಟಕದ ಕೌದಿಯನ್ನು ಕಂಡವರಿಗೆ ಆ ಕೈಕೆಲಸದ ಗುರುತು ಹತ್ತುತ್ತದೆ. ಎಮ್ಡೆನ್ ವಸ್ತುಸಂಗ್ರಹಾಲಯದಲ್ಲಿ ಆತನನ್ನು ಕಾಣಬಹುದು. ಆತನ ಹೆಸರು ಯಾರಿಗೂ ತಿಳಿಯದು. ಹರಿದದ್ದನ್ನು ಎಸೆಯದೆ ಹೊಲಿದುಕೊಂಡ ಬಡವ ಎಂಬುದನ್ನು ಜೌಗು ಮರೆತಿಲ್ಲ.

ನೀರು ನಿಲ್ಲಿಸುವ ಕೆಲಸ

ಜರ್ಮನಿಯ ಜೌಗುಗಳಲ್ಲಿ ಶೇ 90ಕ್ಕೂ ಹೆಚ್ಚು ಪಾಲನ್ನು ಬಸಿದು ಒಣಗಿಸಲಾಗಿದೆ. ಒಣಗಿದ ಪೀಟ್‌ಗೆ ಗಾಳಿ ತಾಕಿದರೆ ಸಾವಿರಾರು ವರ್ಷ ಕೊಳೆಯದೆ ಕೂತದ್ದು ಕೊಳೆಯತೊಡಗುತ್ತದೆ, ಅದರೊಳಗಿನ ಇಂಗಾಲ ಹೊರಬೀಳುತ್ತದೆ. ಆ ದೇಶದ ಹಸಿರುಮನೆ ಅನಿಲಗಳಲ್ಲಿ ಸುಮಾರು ಶೇ 7ರಷ್ಟು ಹೊಮ್ಮುವುದು ಹೀಗೆ ಬಸಿದ ಜೌಗುನೆಲದಿಂದಲೇ. ಜಗತ್ತಿನ ನೆಲದಲ್ಲಿ ಶೇ 3ರಷ್ಟೇ ಇರುವ ಪೀಟ್ ಜೌಗುಗಳು ಎಲ್ಲ ಕಾಡುಗಳ ಮರಗಿಡಗಳಿಗಿಂತ ಹೆಚ್ಚು ಇಂಗಾಲವನ್ನು ಹಿಡಿದಿಟ್ಟಿವೆ ಎಂಬುದನ್ನು ನೆನೆದರೆ, ಖರಾಬು ಎಂಬ ಮಾತನ್ನು ನಾಲಿಗೆ ಹಿಂದಕ್ಕೆ ಎಳೆದುಕೊಳ್ಳುತ್ತದೆ.

ಕೆಳ ಸ್ಯಾಕ್ಸನಿ ರಾಜ್ಯದಲ್ಲಿ ಹೂಕುಂಡ, ಸಸಿತೋಟಗಳಿಗಾಗಿ ಪೀಟ್ ಅಗೆಯುವುದು ಇನ್ನೂ ಪೂರ್ತಿ ನಿಂತಿಲ್ಲ. ಅದಕ್ಕೆ ಬದಲಿಯಾಗಿ ಯುರೋಪಿನವರು ಬಳಸುವ ವಸ್ತುಗಳಲ್ಲಿ ನಮ್ಮ ತಾರಸಿ ತೋಟಗಳ ಕೋಕೋಪೀಟ್ ಕೂಡ ಒಂದು. ಉಳಿದ ಜೌಗುಗಳಲ್ಲಿ ಈಗ ನಡೆದಿರುವುದು ಹಿಂದಿನವರು ಮಾಡಿದ್ದಕ್ಕೆ ತದ್ವಿರುದ್ಧ ಕೆಲಸ. ನೀರು ಹೊರಹೋಗಲು ತೋಡಿದ್ದ ಚರಂಡಿಗಳನ್ನು ಮುಚ್ಚುತ್ತಾರೆ, ನೀರು ಹೀರುವ ಬರ್ಚ್ ಸಸಿಗಳನ್ನು ಕೀಳುತ್ತಾರೆ, ಆಮೇಲೆ ಮಳೆಗೆ ಬಿಟ್ಟು ದೂರ ನಿಲ್ಲುತ್ತಾರೆ. ಉತ್ತರ ಕನ್ನಡದ ರಾಮಪತ್ರೆ ಜಡ್ಡಿಗಳು ಅಡಿಕೆ ತೋಟವಾದ ಕತೆ ಬಲ್ಲವರು ಈ ಚರಂಡಿಗಳ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು.

ಹೋಗುವುದು ಹೇಗೆ?

ಬ್ರೆಮೆನ್ ನಗರದಿಂದ ಓಲ್ಡನ್‌ಬುರ್ಗ್, ಲೇರ್, ಎಮ್ಡೆನ್ ಮಾರ್ಗವಾಗಿ ನೋರ್ಡೆನ್ ಪಟ್ಟಣದವರೆಗೆ ರೈಲಿದೆ. ಅಲ್ಲಿಂದ ಮುಂದಕ್ಕೆ ಕಾರು ಅಥವಾ ಸೈಕಲ್. ನೆಲ ಮಟ್ಟಸವಾಗಿರುವುದರಿಂದ ಸೈಕಲ್ ತುಳಿಯಲು ದಣಿವಿಲ್ಲ, ಆದರೆ ಎದುರುಗಾಳಿ ಇದ್ದೇ ಇರುತ್ತದೆ. ಹಲಗೆಯ ದಾರಿ ಎರಡು ಕಿಲೋಮೀಟರ್‌ಗೂ ತುಸು ಕಡಿಮೆ. ಅವಸರವಿಲ್ಲದೆ ನಡೆದರೆ ಒಂದೂವರೆ ಗಂಟೆ ಸಾಕು. ಬೇಸಿಗೆಯಲ್ಲೂ ಮಳೆ ಅಂಗಿ ಜೊತೆಗಿರಲಿ. ದಾರಿ ಬಿಟ್ಟು ಇಳಿಯುವಂತಿಲ್ಲ, ಹೂವು ಹಾವಸೆ ಕೀಳುವಂತಿಲ್ಲ.

ನಡಿಗೆ ಮುಗಿದ ಮೇಲೆ ಹತ್ತಿರದ ಊರಿನಲ್ಲಿ ಚಹಾ ಕುಡಿಯದೆ ಹೊರಡಬೇಡಿ. ಇಲ್ಲಿನವರು ತಲಾ ವರ್ಷಕ್ಕೆ ಸುಮಾರು 300 ಲೀಟರ್ ಚಹಾ ಕುಡಿಯುತ್ತಾರೆ, ಅದೂ ಬಹುಪಾಲು ನಮ್ಮ ಅಸ್ಸಾಮಿನ ಎಲೆ. ಬಟ್ಟಲಿಗೆ ಮೊದಲು ಕಲ್ಲುಸಕ್ಕರೆ, ಅದರ ಮೇಲೆ ಬಿಸಿ ಚಹಾ. ಸಕ್ಕರೆ ಚಟಪಟ ಎನ್ನುತ್ತದೆ. ಅಂಚಿನಿಂದ ಇಳಿಸಿದ ಕೆನೆ ಮೋಡದಂತೆ ಮೇಲೇಳುತ್ತದೆ. ಕದಡುವುದಿಲ್ಲ. ಮೊದಲ ಗುಟುಕು ಕೆನೆ, ಆಮೇಲೆ ಕಹಿ, ತಳದಲ್ಲಿ ಸಿಹಿ. ಮೂರು ಬಟ್ಟಲಾದರೂ ಕುಡಿಯಬೇಕೆಂಬುದು ಇಲ್ಲಿನ ವಾಡಿಕೆ.

ಒಂದು ಗೇಣು

ಕೆರೆಯ ದಂಡೆಯಲ್ಲಿ ನಿಂತಾಗ ನನ್ನ ಮನಸ್ಸಿಗೆ ಬಂದದ್ದು ಒಂದು ಸಣ್ಣ ಲೆಕ್ಕ. ಕಿಟ್ಟೆಲ್ ಹುಟ್ಟಿ ಇನ್ನೂರು ವರ್ಷವಾಗುತ್ತಾ ಬಂತು. ಆ ಮಗು ಬೆಳೆದು, ಸಮುದ್ರ ದಾಟಿ, ನಮ್ಮ ಹಳ್ಳಿ ಪಟ್ಟಣಗಳಲ್ಲಿ ಪದ ಹೆಕ್ಕಿ, ನಿಘಂಟು ಮುಗಿಸಿ, ಕಣ್ಣು ಮುಚ್ಚಿ, ಆಮೇಲೆ ಎರಡು ಮಹಾಯುದ್ಧಗಳೂ ಆಗಿಹೋದ ಈ ಅವಧಿಯಲ್ಲಿ, ಯಾರೂ ಮುಟ್ಟದೆ ಬಿಟ್ಟಿದ್ದ ಕಡೆಯಲ್ಲಿ ಹಾವಸೆ ಮೇಲೆದ್ದಿರುವುದು ಒಂದು ಗೇಣೂ ಅಲ್ಲ. ಒಂದು ಸಲಿಕೆಯ ಏಟಿಗೆ ಸಿಗುವುದು ಅಷ್ಟೇ ಆಳ. ಹಲಗೆಯಿಂದ ಕೆಳಗೆ ಕಾಲಿಡಬೇಡಿ ಎಂದು ಬರೆದಿರುವುದು ಏಕೆಂದು ಆಗ ತಿಳಿಯಿತು. ಬಂದ ದಾರಿಯಲ್ಲೇ, ಹಲಗೆಯ ನಡುಮಧ್ಯೆ ಹೆಜ್ಜೆಯಿಟ್ಟು ಹಿಂದಿರುಗಿದೆ.